ಎಂಟನೆಯ ಗುಂಡಿನ ನಂತರ

ಗೋಡೆಯ ಮೇಲೆ ತೂತುಗಳು — ಮೊದಲ ಎಂಟು ಒಂದರ ಮೇಲೊಂದು ಕೂತಿವೆ, ನೊಣ ಕೂತಷ್ಟೇ ಜಾಗ, ಒಂಬತ್ತನೆಯದು ಮಾತ್ರ ಎಡಕ್ಕೆ ಹಾರಿದೆ, ಸಾಸಿವೆಯಷ್ಟು, ಒಂಟಿಯಾಗಿ, ಆಮೇಲಿನವುಗಳ ಕಥೆ ಕೇಳುವುದೇ ಬೇಡ, ಅಂಗಡಿಯ ನೆಲದ ಮೇಲಿನ ಕೂದಲ ಹಾಗೆ ಚೆಲ್ಲಾಪಿಲ್ಲಿ. ಮೂವತ್ತೂ ಮುಗಿದವು. ಸ್ಕ್ರೀನಿನೊಳಗಿನ ಬಂದೂಕು ತಾನೇ ಗುಂಡು ತುಂಬಿಕೊಳ್ಳುತ್ತದೆ, ಅದಕ್ಕೇನು, ಸುಸ್ತೇ ಸಂಕಟವೇ, ಇವನು ಬಲಗೈಯನ್ನು ಮೌಸಿನಿಂದ ಕಿತ್ತು ತೊಡೆಗೆ ಒರೆಸಿಕೊಂಡ, ಐವತ್ತೆರಡು ವರ್ಷದ ಕ್ಷೌರಿಕ ಬೆಳ್ಳಂಬೆಳಿಗ್ಗೆ ಮಗಳ ಕುರ್ಚಿಯಲ್ಲಿ ಕೂತು ಇಲ್ಲದ ಗೋಡೆಗೆ ಇಲ್ಲದ ಗುಂಡು ಹೊಡೆಯುತ್ತಿದ್ದಾನೆ, ನಗುವವರು ನಗಲಿ, ಅವರ ಹಲ್ಲು, ಅವರ ಬಾಯಿ. ಹತ್ತು ಗಂಟೆಗೆ ಮೇಷ್ಟ್ರು ಗಡ್ಡ ತೆಗೆಸಲು ಬರುತ್ತಾರೆ. ಇನ್ನೊಂದು ಸಲ, ಮೂವತ್ತು, ಇನ್ನೊಂದೇ ಸಲ.

ಇದಕ್ಕೆ ರಿಕಾಯಿಲ್ ಅಂತಾರೆ ಅಪ್ಪಾ ಎಂದಿದ್ದಳು ಮಗಳು, ನಾಲ್ಕು ತಿಂಗಳ ಹಿಂದೆ, ಇವನು ಒದೆತ ಎಂದ, ಒದೆತ ಅಂದರೆ ಒದೆತ, ಕತ್ತೆಯದಾದರೇನು ಬಂದೂಕಿನದಾದರೇನು. ಗುಂಡು ಹಾರಿದ ಹಾಗೆಲ್ಲ ಬಂದೂಕು ಮೇಲಕ್ಕೆ ಒದೆಯುತ್ತೆ, ಅದು ಎಷ್ಟು ಮೇಲೆ ಹೋಗುತ್ತೋ ಅಷ್ಟು ನೀನು ಮೌಸನ್ನ ಕೆಳಗೆ ಎಳೀಬೇಕು, ಜಾಸ್ತಿ ಎಳೆದ್ರೆ ನೆಲ, ಕಮ್ಮಿ ಎಳೆದ್ರೆ ಆಕಾಶ, ಎಂದಳು. ಐದು ಜನರ ತಂಡದಲ್ಲಿ ಈ ಕಂಪ್ಯೂಟರ್ ಆಟ ಆಡುವವಳು ಅವಳು, ಪಂದ್ಯ ಗೆದ್ದು ಬಂದವಳು, ಮೂವತ್ತೂ ಗುಂಡನ್ನು ಅಂಗೈಯಗಲದಲ್ಲಿ ನೆಡುತ್ತಾಳೆ, ಆಗ ಅವಳ ಮಣಿಕಟ್ಟು ಎಷ್ಟು ಮೆತ್ತಗಿರುತ್ತದೆ, ಕತ್ತಿ ಹಿಡಿದಿದ್ದರೆ ಊರಿಗೇ ಒಳ್ಳೆಯ ಕೈ ಆಗುತ್ತಿತ್ತು. ಬಂದೂಕಿನ ಒದೆತ ಹುಚ್ಚಾಪಟ್ಟೆ ಅಲ್ಲಪ್ಪಾ, ಪ್ರತಿ ಸಲ ಅದೇ ದಾರಿ, ಮೊದಲ ಹನ್ನೆರಡು ಗುಂಡು ನೆಟ್ಟಗೆ ಮೇಲೆ, ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ, ದಾರಿ ಗೊತ್ತಾದ್ರೆ ಕೈ ತಾನೇ ಕಲಿಯುತ್ತೆ — ಆ ಮಾತು ಇವನಿಗೆ ಹಿಡಿಸಿತು. ಲಕ್ವ ಹೊಡೆದ ಕೈಗೆಂದು ಫಿಸಿಯೋ ಕೊಟ್ಟ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸತ್ತಿದ್ದ, ಚೆಂಡಿಗೆ ಸೋಲಿಲ್ಲ ಗೆಲುವಿಲ್ಲ, ಗೋಡೆಯಾದರೆ ಮುಖದ ಮೇಲೆ ಹೊಡೆದಂತೆ ಹೇಳುತ್ತದೆ, ಇಗೋ ಇಲ್ಲಿ ತಪ್ಪಿದೆ ನೋಡು. ಒಂದು ದಿನ ಅವಳೇ ಗೋಡೆಯನ್ನು ತುಂಬ ಹೊತ್ತು ನೋಡಿ, ಮೆಲ್ಲಗೆ, ಅಪ್ಪಾ, ಒಂಬತ್ತನೇದು ಎಡಕ್ಕೆ ಹೋಗ್ತಿರೋದು ಬಂದೂಕಿಂದಲ್ಲ, ಅದು ನಿಂದು. ಎಷ್ಟು ಸಲ ಹೊಡೆದರೂ ಅಲ್ಲೇ, ಒಂಬತ್ತಕ್ಕೇ, ಎಡಕ್ಕೇ. ಡಾಕ್ಟರು ನಡುಕ ಎಂದಿದ್ದರು, ಇರುತ್ತೆ, ಅಭ್ಯಾಸ ಮಾಡ್ಕೊಳ್ಳಿ ಎಂದಿದ್ದರು, ಕಾಯಿಲೆಗೂ ಒಂದು ಲೆಕ್ಕಾಚಾರ ಇದೆ ಎಂದು ಯಾರೂ ಹೇಳಿರಲಿಲ್ಲ. ಆ ದಿನ ಇವನು ಖುಷಿಪಟ್ಟನೋ ಹೆದರಿದನೋ ಇವನಿಗೇ ತಿಳಿಯಲಿಲ್ಲ.

ಅದಕ್ಕೇ ಪಂದ್ಯದಲ್ಲಿ ಯಾರೂ ಮೂವತ್ತೂ ಹೊಡೆಯಲ್ಲ, ಅಂದಳು. ಎಂಟು ಹೊಡಿ, ಬೆರಳೆತ್ತು, ಬಂದೂಕು ತಣ್ಣಗಾಗಿ ಮೊದಲಿನ ಜಾಗಕ್ಕೆ ಬರುತ್ತೆ, ಮತ್ತೆ ಎಂಟು. ಬೆರಳೆತ್ತುವುದಂತೆ! ಇವನಿಗೆ ಮೈಯೆಲ್ಲ ಉರಿಯಿತು, ಅದು ಕಲಿಯುವವರ ಪಾಡು, ಇವನಪ್ಪ ಹೇಳುತ್ತಿದ್ದ, ಕತ್ತಿ ಪದೇ ಪದೇ ಎತ್ತೋನು ಗಿರಾಕಿ ಮುಖಕ್ಕೆ ಹೆದರೋನು, ಕಿವಿಯಿಂದ ಗದ್ದಕ್ಕೆ ಒಂದೇ ಎಳೆತ, ನೀರು ಇಳಿದ ಹಾಗೆ — ಮೂವತ್ತು ವರ್ಷ ಹಾಗೇ ಎಳೆದ ಕೈ ಇದು, ಜನ ಇದರ ಕೆಳಗೆ ಕತ್ತು ಚಾಚಿ ಗೊರಕೆ ಹೊಡೆದಿದ್ದಾರೆ. ಮೂವತ್ತೂ ಒಂದೇ ಜಾಗದಲ್ಲಿ ಕೂತ ದಿನ ಕತ್ತಿ ಹಿಡಿಯುತ್ತೇನೆ, ಅಲ್ಲಿಯವರೆಗೆ ಇಲ್ಲ. ನಾಲ್ಕು ತಿಂಗಳಾಯಿತು, ಆ ದಿನ ಬಂದಿಲ್ಲ. ಬಂದಿಲ್ಲ, ಮತ್ತು ಇವತ್ತು ಭಾನುವಾರ.

ಒಂಬತ್ತು ತಿಂಗಳ ಹಿಂದೆ ಮೇಷ್ಟ್ರ ಎಡಗಿವಿಯ ಕೆಳಗೆ ಆಗಿದ್ದು — ನೆನೆಯಬಾರದು ಎಂದುಕೊಂಡಷ್ಟೂ — ಬಿಳಿ ನೊರೆ, ಬೆಳಗಿನ ಬಿಸಿಲು ಕನ್ನಡಿಗೆ ಬಡಿದು ಅವರ ಕೆನ್ನೆಯ ಮೇಲೆ, ಎಳೆತ ಕಿವಿಯಿಂದ ಶುರುವಾಗಿದೆ, ಅರ್ಧಕ್ಕೆ ಬಂದಿದೆ, ಆಗ ಕೈ ಇವನದಲ್ಲವಾಯಿತು, ಬೇರೆ ಯಾರದೋ ಕೈ ಇವನ ಭುಜಕ್ಕೆ ನೇತುಬಿದ್ದ ಹಾಗೆ, ಕತ್ತಿ ಎಡಕ್ಕೆ, ನೊರೆಯ ಮೇಲೆ ಸಾಸಿವೆಯಷ್ಟು ಕೆಂಪು. ಮೊದಲು ಸಾಸಿವೆ. ಆಮೇಲೆ ಅದು ಹರಡಿತು. ನೆಲಕ್ಕೆ ಬೀಳುತ್ತಿದ್ದ ಇವನನ್ನು ಹಿಡಿದುಕೊಂಡವರೂ ಅವರೇ, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ, ಅರ್ಧ ಮುಖಕ್ಕೆ ನೊರೆ, ಹಾಗೇ ಆಟೋ ಹತ್ತಿ ಆಸ್ಪತ್ರೆಗೆ, ಅಲ್ಲಿ ನರ್ಸು ಮೊದಲು ಅವರನ್ನೇ ಮಲಗಿಸಲು ಹೋದಳಂತೆ, ರೋಗಿ ನಾನಲ್ಲಮ್ಮ ಅವನು, ನಂದು ಬರೀ ಗೀರು. ಆವತ್ತಿನಿಂದ ಮೇಷ್ಟ್ರು ಯಾರ ಕತ್ತಿಗೂ ಮುಖ ಕೊಟ್ಟಿಲ್ಲ. ಅರ್ಧಕ್ಕೆ ಬಿಟ್ಟೋನೇ ಪೂರ್ತಿ ಮಾಡ್ಲಿ ಅಂತ ಹಟ. ಗಡ್ಡ ಎದೆಗೆ ಬಂತು, ಸಭೆಯಲ್ಲಿ ಯಾರೋ ಸ್ವಾಮೀಜಿ ಎಂದು ಕಾಲಿಗೆ ಬಿದ್ದರಂತೆ. ಕಳೆದ ವಾರ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು, ಒಂಬತ್ತು ತಿಂಗಳು ಹೊತ್ತಿದೀನಿ ಕಣಯ್ಯ ಇದನ್ನ, ಇನ್ನು ಹೆರಿಗೆ ಮಾಡಿಸು, ಸೆಕೆ ತಡೆಯೋಕಾಗ್ತಿಲ್ಲ, ಭಾನುವಾರ ನೀನು ಕತ್ತಿ ಹಿಡಿದ್ಯೋ ಸರಿ, ಇಲ್ಲಾಂದ್ರೆ ನಿನ್ನ ಭಾವಮೈದುನಂಗೇ ಕುತ್ತಿಗೆ ಕೊಡ್ತೀನಿ. ನಗುತ್ತಲೇ ಹೇಳಿದರು, ಕಣ್ಣು ನಗಲಿಲ್ಲ. ಭಾವಮೈದುನ, ಹೆಂಡತಿಯ ತಮ್ಮ, ಒಳ್ಳೆಯವನೇ, ಒಂಬತ್ತು ತಿಂಗಳಿಂದ ಕುರ್ಚಿ ಅವನದೇ, ಅದೇ ಸಂಜೆ ಬಾಚಣಿಗೆ ತೊಳೆಯುತ್ತಾ, ಮುಖ ಎತ್ತದೆ, ಭಾವ, ಭಾನುವಾರ ಆಗ್ಲಿಲ್ಲಾಂದ್ರೆ ಇನ್ನು ಯೋಚ್ನೆ ಮಾಡ್ಬೇಡಿ, ಅಂಗಡಿ ನಾನೇ ನೋಡ್ಕೋತೀನಿ, ನೀವು ಆರಾಮಾಗಿ ಕೂತ್ಕೊಳ್ಳಿ. ಆರಾಮ ಎಂಬ ಮಾತು ಇಷ್ಟು ಚುಚ್ಚುತ್ತದೆ ಎಂದು ಇವನಿಗೆ ಗೊತ್ತಿರಲಿಲ್ಲ.

ಹೊರಗೆ ಕುರ್ಚಿ ಕಿರುಗುಟ್ಟಿತು, ಮೇಷ್ಟ್ರ ಕೆಮ್ಮು, ಗಂಟೆ ಹತ್ತಾಯಿತೇ, ಮನೆಗೂ ಅಂಗಡಿಗೂ ನಡುವೆ ಒಂದು ಪರದೆ ಅಷ್ಟೇ, ಪರದೆ ಸರಿಸಲು ಇಷ್ಟು ಹೊತ್ತೇ, ಭಾವಮೈದುನ ಕತ್ತರಿಯಲ್ಲಿ ಗಡ್ಡ ಇಳಿಸಿಯಾಗಿದೆ, ಅರಿವೆಯ ಮೇಲೆ ಬಿಳಿಯ ರಾಶಿ, ನೊರೆ ಹಚ್ಚಿ ಪಕ್ಕಕ್ಕೆ ನಿಂತಿದ್ದಾನೆ, ಬಾಗಿಲಲ್ಲಿ ಮಗಳು, ಬೆರಳನ್ನು ಬಾಗಿಲ ಚೌಕಟ್ಟಿನ ಮೇಲೆ ತಟ್ಟಿ ಎತ್ತುತ್ತಾಳೆ, ತಟ್ಟಿ ಎತ್ತುತ್ತಾಳೆ. ಬಾರಯ್ಯ ಎಂದು ಮೇಷ್ಟ್ರು ಕತ್ತು ಹಿಂದಕ್ಕೆ ಚೆಲ್ಲಿದರು, ಕಣ್ಣು ಮುಚ್ಚಿಯೇಬಿಟ್ಟರು, ಮೊದಲಿನ ಹಾಗೆ, ಏನು ನಂಬಿಕೆ ಇದು, ಯಾರು ಕೊಟ್ಟರು ಇವರಿಗೆ ಈ ನಂಬಿಕೆ — ಬಲಗೆನ್ನೆ ಮೊದಲು. ಎಡಗೈಯಲ್ಲಿ ಚರ್ಮ ಬಿಗಿ. ಕಿವಿಯ ಪಕ್ಕ ಕತ್ತಿ ಇಟ್ಟ, ಎಳೆದ, ಒಂದು ಎರಡು ಮೂರು, ಕೈ ಮೆತ್ತಗಿದೆ, ಕರಕರ ಸದ್ದು, ಎಷ್ಟು ದಿನವಾಗಿತ್ತು ಈ ಸದ್ದು ಕೇಳಿ, ಐದು ಆರು, ಗದ್ದ ಇನ್ನೂ ದೂರ, ಹೋಗಿಬಿಡಲೇ, ಒಂದೇ ಎಳೆತ, ಎಲ್ಲಿಂದಲೋ ಅಪ್ಪ ನೋಡುತ್ತಿದ್ದಾನೆ, ಏಳು, ನೀರು ಇಳಿದ ಹಾಗೆ, ಎಂಟು —

ಕತ್ತಿ ಎತ್ತಿದ. ಗಾಳಿಯಲ್ಲಿ ಕೈ ಎಡಕ್ಕೆ ಜಗ್ಗಿತು, ಜಗ್ಗಲಿ, ಅಲ್ಲಿ ಯಾರ ಕುತ್ತಿಗೆಯೂ ಇಲ್ಲ. ಯಾಕಯ್ಯ ನಿಲ್ಲಿಸ್ದೆ, ಮೇಷ್ಟ್ರು ಕಣ್ಣು ತೆರೆಯದೆ ಕೇಳಿದರು. ಎಂಟಾಯ್ತು ಮೇಷ್ಟ್ರೇ. ಏನು ಎಂಟು? ಸುಮ್ನಿರಿ, ಮಾತಾಡ್ಬೇಡಿ. ಒರೆಸಿದ, ಇಟ್ಟ, ಮತ್ತೆ ಎಂಟು, ಎತ್ತಿದ, ನಾಚಿಕೆಯಾಯಿತು, ಕಲಿಯುವ ಹುಡುಗನ ಹಾಗೆ ಕುಟುಕುತ್ತಿದ್ದೇನೆ ಎಂದು ನಾಚಿಕೆಯಾಯಿತು, ಅಳುವೂ ಬಂತು, ಬರಲಿ, ಎಂಟು, ಎತ್ತು, ಬಲಗೆನ್ನೆ ಮುಗಿಯಿತು, ಗದ್ದ ಮುಗಿಯಿತು, ಭಾವಮೈದುನ ಯಾವಾಗಲೋ ಹೋಗಿ ಬೆಂಚಿನ ಮೇಲೆ ಕೂತಿದ್ದಾನೆ, ಇನ್ನು ಎಡಗಿವಿಯ ಕೆಳಗೆ. ನೊರೆಯಡಿಯಲ್ಲಿ ಆ ಗೀರು ಇದೆ, ಬೆರಳಿಗೆ ಸಿಗುತ್ತದೆ, ಸಣ್ಣ ಉಬ್ಬು, ಅದರ ಪಕ್ಕದಲ್ಲೇ ನಾಡಿ ಏಳುತ್ತಿದೆ ಬೀಳುತ್ತಿದೆ, ಕತ್ತಿ ಇಟ್ಟ, ಒಂದು, ಎರಡು, ಉಬ್ಬು ಬಂತು, ಐದು, ದಾಟಿತು, ಏಳು, ಎಂಟು, ಎತ್ತಿದ. ನೋಡಿದ. ಕತ್ತಿಯ ಮೇಲೆ ಬಿಳಿ ನೊರೆ. ನೊರೆಯ ಮೇಲೆ, ಸಾಸಿವೆಯಷ್ಟು ಜಾಗದಲ್ಲಿ, ಬಿಳಿ. ಬರೀ ಬಿಳಿ.