ಖಾಲಿ ಕೋಣೆಯ ಸದ್ದು

"ಅಯ್ಯೋ, ಆ ಮೂಲೆ ಕುರ್ಚೀಲಿ ಕೂತ್ಬಿಟ್ರಾ? ಅಲ್ಲಿ ಕೂರೋರು ಕಟಿಂಗಿಗೆ ಬಂದೋರಲ್ಲ ಸ್ವಾಮಿ!"

ಮುದಿ ಕ್ಷೌರಿಕ ಹೀಗೆಂದದ್ದೇ ತಡ, ಚೇಳು ಕುಟುಕಿದವನಂತೆ ಸಂಶೋಧಕ ಎದ್ದು ನಿಂತ. ಒಳಬಾಗಿಲಲ್ಲಿ ಗುಂಡಿ ಹೊಲಿಯುತ್ತಿದ್ದ ದರ್ಜಿ ಬೊಚ್ಚುಬಾಯಿ ತೆರೆದು ನಕ್ಕ.

ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕುರ್ಚಿಗಳು ಮಾತ್ರ ಕಾಯುತ್ತಲೇ ಇದ್ದವು. ಗಂಡಸರನ್ನು ಪ್ರೀತಿಸಿದ ಗಂಡಸರು, ಹೆಂಗಸರನ್ನು ಪ್ರೀತಿಸಿದ ಹೆಂಗಸರು ಈ ಬಡಾವಣೆಯಲ್ಲಿ ಹೇಗೆ ಬಾಳಿದರೆಂಬುದನ್ನು ಅವರವರ ಬಾಯಿಂದಲೇ ಧ್ವನಿಮುದ್ರಿಸಿ ಪ್ರದರ್ಶನಕ್ಕೆ ಒದಗಿಸುವುದು ಸಂಶೋಧಕನ ಕೆಲಸ. ಊರವರ ಗುಟ್ಟನ್ನು ಸಂಬಳಕ್ಕೆ ಕೇಳುವವನು.

"ಪಾರ್ಕಲ್ಲಿ ನಿಂತ್ರೆ ಪೊಲೀಸರ ಲಾಠಿ. ಇಲ್ಲಿ ಕೂತ್ರೆ ಯಾರು ಕೇಳ್ತಾರೆ? 'ಸ್ವಲ್ಪ ತಡ ಆಗತ್ತೆ' ಅಂತಿದ್ದೆ. ಪಕ್ಕದಲ್ಲಿ ಇನ್ನೊಬ್ಬ ಬಂದು ಕೂರೋವರೆಗೂ ತಡಾನೇ! ಇವನಂತೂ ಬೋಳುತಲೆ ಹೊತ್ಕೊಂಡು ವಾರಕ್ಕೆರಡು ಸಲ ಬರ್ತಿದ್ದ. ನಮ್ಮಮ್ಮಂಗೆ ಅನುಮಾನ," ಎಂದ ಕ್ಷೌರಿಕ, ದರ್ಜಿಯತ್ತ ಕೈ ತೋರಿ.

"ಅನುಮಾನ ಎಂಥದ್ದು?" ಎಂದ ದರ್ಜಿ. "'ಇಲ್ದಿರೋ ಕೂದಲಿಗೆ ಎಷ್ಟು ಸಲ ಓಡಾಡ್ತೀಯೋ, ಇಲ್ಲೇ ಇದ್ಬಿಡು' ಅಂದ್ಳು ಮಹಾತಾಯಿ."

ಸಂಶೋಧಕನೂ ನಕ್ಕ, ಎಷ್ಟು ಬೇಕೋ ಅಷ್ಟೇ.

"ನಿಮ್ಮನೇಲಿ ಯಾರ್ಯಾರಿದಾರೆ?" ಕ್ಷೌರಿಕ ಅವನನ್ನೇ ಕೇಳಿದ.

"ನಾನು... ಇನ್ನೊಬ್ರು. ರೂಮ್‌ಮೇಟು."

"ಎಷ್ಟು ವರ್ಷದಿಂದ?"

"ಹನ್ನೊಂದು."

ದರ್ಜಿ ದಾರವನ್ನು ಹಲ್ಲಿಲ್ಲದ ವಸಡಿನಲ್ಲಿ ಕಡಿಯಲು ನೋಡಿ ಸೋತ. "ರೂಮು ಬಹಳ ಚೆನ್ನಾಗಿರಬೇಕು."

ಬೆಳಿಗ್ಗೆ ಆ ರೂಮ್‌ಮೇಟು ಸಂಶೋಧಕನ ಷರಟಿಗೆ ಇಸ್ತ್ರಿ ಹಾಕುತ್ತ ಕೇಳಿದ್ದ, "ಪ್ರದರ್ಶನ ಶುರುವಾಗೋ ದಿನ ನಾನೂ ಬರ್ಲಾ?"

"ಸೀಟು ಕಮ್ಮಿ."

"ನಾನು ಯಾರೂಂತ ಹೇಳ್ಬೇಕಾಗತ್ತೆ, ಅದಕ್ಕೆ ತಾನೆ? ಮಧ್ಯಾಹ್ನ ಫೋನ್ ಮಾಡಿ ಕೊನೇ ಸಲ ಕೇಳ್ತೀನಿ. 'ಬಾ' ಅಂದ್ರೆ ಬರ್ತೀನಿ. ಇಲ್ಲಾಂದ್ರೆ ಅಕ್ಕನ ಮನೆಗೆ ಹೋಗ್ತೀನಿ, ಗಂಟುಮೂಟೆ ಸಮೇತ."

ಇಸ್ತ್ರಿ ಮಾತ್ರ ಎಂದಿನಂತೆ ನೀಟಾಗಿತ್ತು.

ಮುದುಕರ ಮಾತು ಮುಗಿದಾಗ ಸಂಶೋಧಕ ಧ್ವನಿಮುದ್ರಣ ಯಂತ್ರವನ್ನು ಮೇಜಿನ ನಡುವೆ ಸರಿಸಿದ. "ಈಗ ಒಂದು ನಿಮಿಷ ಯಾರೂ ಮಾತಾಡಬಾರದು. ಖಾಲಿ ಕೋಣೆಯ ಸದ್ದು ಬೇಕು. ಮಾತು ಕತ್ತರಿಸಿದ ಕಡೆ ತೇಪೆ ಹಾಕೋಕೆ."

"ಮೂರು ಜನ ಇದೀವಿ, ಖಾಲಿ ಹೇಗಾಗತ್ತೆ?" ಎಂದ ಕ್ಷೌರಿಕ.

"ಇಲ್ಲದವರ ಹಾಗೆ ಇರಬೇಕು."

"ಓ, ಹಾಗಾ! ಅದು ನಮಗೆಲ್ಲ ಅಭ್ಯಾಸ ಬಿಡಿ," ಎಂದ ದರ್ಜಿ.

ಕೆಂಪು ದೀಪ ಹೊತ್ತಿತು. ಸಂಶೋಧಕ ಸದ್ದಡಗಿಸಿ ಮೇಜಿನ ಮೇಲಿಟ್ಟಿದ್ದ ಫೋನು ಅಷ್ಟರಲ್ಲೇ ನಡುಗತೊಡಗಿತು. ಪರದೆಯ ಮೇಲೆ 'ಪ್ಲಂಬರ್'. ಆಫೀಸಿನವರ ಕಣ್ಣಿಗೆ ಬಿದ್ದೀತೆಂದು ರೂಮ್‌ಮೇಟಿಗೆ ಇವನು ಇಟ್ಟಿದ್ದ ಹೆಸರು ಅದು. ಮುದುಕರಿಬ್ಬರೂ ಓದಿದರು. ಇವನ ಮುಖ ನೋಡಿದರು. ನಗು ನುಂಗಿಕೊಂಡರು. ಕ್ಷೌರಿಕ ಕಿವಿಗೆ ಕೈಯಿಟ್ಟು, ಎತ್ತು ಮಾರಾಯ, ಎಂದು ಸನ್ನೆ ಮಾಡಿದ.

ಸಂಶೋಧಕ ತುಟಿಯ ಮೇಲೆ ಬೆರಳಿಟ್ಟುಕೊಂಡ.

ಅಂಗಾತ ಬಿದ್ದ ಜೀರುಂಡೆಯ ಹಾಗೆ ಗುಂಯ್‌ಗುಟ್ಟುತ್ತ ಫೋನು ಮೇಜಿನ ಅಂಚಿನತ್ತ ತೆವಳಿತು. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಯಂತ್ರ ಖಾಲಿ ಕೋಣೆಯನ್ನು ಶ್ರದ್ಧೆಯಿಂದ ಮುದ್ರಿಸಿಕೊಳ್ಳುತ್ತಿತ್ತು. ಅಂಚಿಗೆ ಇನ್ನು ಬೆರಳಗಲ ಉಳಿದಿತ್ತು.