ಕೊನೆಯ ಸರದಿಯ ಬಿಸಿನೀರು

ಅತ್ತೆ ನನ್ನ ಚಹಾದಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬ ಅನುಮಾನ ನನಗೆ ಹುಟ್ಟಿದ್ದು ದೊಡ್ಡ ಹಿಮ ಬೀಳಲು ಶುರುವಾದ ವಾರದಲ್ಲಿ. ಸಂಜೆ ಸ್ನಾನ ಮುಗಿಸಿ ಹೊರಬಂದರೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು, ಮೊಣಕಾಲಲ್ಲಿ ಬಲವೇ ಇರುತ್ತಿರಲಿಲ್ಲ. ಸ್ನಾನಕ್ಕೆ ಮುಂಚೆ ನಾನು ಕುಡಿಯುತ್ತಿದ್ದದ್ದು ಒಂದೇ, ಅತ್ತೆ ತೊಮಿಎ ತಾವೇ ಕಾಯಿಸಿ ಕೊಡುತ್ತಿದ್ದ ಕಹಿ ಸೊಪ್ಪಿನ ಚಹಾ. ಮದುವೆಯಾಗಿ ಬಂದಾಗಿನಿಂದ ನನಗೆ ಒಂದು ಲೋಟ ನೀರೂ ಕೊಡದ ಹೆಂಗಸು ಇದ್ದಕ್ಕಿದ್ದಂತೆ ಚಹಾ ಕೊಟ್ಟರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? ತಲೆನೋವು ಮೊದಲು ಬಂತೋ ಚಹಾ ಮೊದಲು ಬಂತೋ ಎಂದು ನಾನು ಯೋಚಿಸಲಿಲ್ಲ. ಅನುಮಾನಕ್ಕೆ ಅದೆಲ್ಲ ಬೇಕಾಗುವುದೂ ಇಲ್ಲ.

ಅವರಿಗೂ ನನ್ನ ಮೇಲೆ ಕಣ್ಣಿತ್ತು.

"ಕೆನ್ನೆ ನೋಡ್ಕೋ ಚಿಹಾರು, ಹೆಂಗೆ ಕೆಂಪಗಾಗಿದೆ! ಕಾಲು ಬೇರೆ ತಡವರಿಸ್ತಿದೆ. ಬಚ್ಚಲಲ್ಲಿ ಅಷ್ಟು ಹೊತ್ತು ಏನೇ ಮಾಡ್ತೀಯ?"

"ಸ್ನಾನ ಮಾಡ್ತೀನಿ ಅತ್ತೆ. ಬಚ್ಚಲಲ್ಲಿ ಇನ್ನೇನು ಮಾಡ್ತಾರೆ?"

"ಅದನ್ನೇ ನಾನೂ ಕೇಳ್ತಿರೋದು."

ನಮ್ಮ ಮನೆಯಲ್ಲಿ ತೊಟ್ಟಿಗೆ ಒಮ್ಮೆ ತುಂಬಿದ ಬಿಸಿನೀರಿನಲ್ಲೇ ಎಲ್ಲರೂ ಮೊದಲು ಮೈ ತೊಳೆದುಕೊಂಡು ಸರದಿಯಂತೆ ಕೂರುವುದು. ಮೊದಲು ನನ್ನ ಗಂಡ ಕಿಯೊತಕ, ಆಮೇಲೆ ಅತ್ತೆ, ಕೊನೆಗೆ ನಾನು. ನನ್ನ ಸರದಿ ಬರುವಷ್ಟರಲ್ಲಿ ನೀರು ಉಗುರುಬೆಚ್ಚಗಾಗಿರುತ್ತಿತ್ತು. ನಾನು ಗುಂಡಿ ಒತ್ತಿ ಮತ್ತೆ ಕಾಯಿಸುತ್ತಿದ್ದೆ. ಗೋಡೆಯಾಚೆ ಹೀಟರ್ ಬಹಳ ಹೊತ್ತು ಗುರುಗುಟ್ಟುತ್ತಿತ್ತು.

ಸೀಮೆಎಣ್ಣೆಯಿಂದ ಉರಿಯುವ ಆ ಹೀಟರ್ ಹೊಸದು. ಹಳೆಯದು ಹಿತ್ತಲ ಶೆಡ್ಡಿನಲ್ಲಿತ್ತು, ಅದಕ್ಕೆ ಉದ್ದದ ಚಿಮಣಿಯಿತ್ತು. ಹೊಸದನ್ನು ಬಚ್ಚಲ ಕಿಟಕಿಯ ಪಕ್ಕದ ಹೊರಗೋಡೆಗೆ ಕೂರಿಸಿದ್ದರು, ಹೊಗೆ ಅದರ ಎದೆಯ ತೂತಿನಿಂದಲೇ ಹೊರಗೆ ಹೋಗಬೇಕು. ಕಿಯೊತಕನಿಗೆ ಅದರ ಮೇಲೆ ಹೆಂಡತಿಗಿಂತ ಹೆಚ್ಚು ಅಕ್ಕರೆ. ಎಣ್ಣೆ ಸೋಸುವ ಜಾಲರಿಯನ್ನು ತಾನೇ ತೊಳೆದ, ಎಣ್ಣೆ ಟ್ಯಾಂಕಿನ ತಳದಲ್ಲಿ ನಿಂತ ನೀರನ್ನು ಬಸಿದ, ಪೈಪುಗಳಿಗೆ ಬೆಚ್ಚಗೆ ಬಟ್ಟೆ ಸುತ್ತಿದ, ಅದನ್ನು ಆರಿಸುವ ಕ್ರಮವನ್ನು ನನ್ನಿಂದ ಬಾಯಿಪಾಠ ಮಾಡಿಸಿದ. ರಾಶಿಬಿದ್ದ ಹಿಮ ಒತ್ತದಿರಲೆಂದು ಊರಿನವರೆಲ್ಲ ಚಳಿಗಾಲಕ್ಕೆ ಮುಂಚೆ ಮನೆಯ ಗೋಡೆಗಳಿಗೆ ಹಲಗೆ ಕಟ್ಟುತ್ತಾರಲ್ಲ, ಹಾಗೆ ಅವನೂ ಹೀಟರನ್ನೂ ಬಚ್ಚಲ ಕಿಟಕಿಯನ್ನೂ ಸೇರಿಸಿ ಹಲಗೆ, ಪ್ಲಾಸ್ಟಿಕ್ ಶೀಟು ಹೊಡೆದು ಭದ್ರ ಮಾಡಿದ. ಒಂದು ಹಿಮದ ಚೂರೂ ಒಳಗೆ ನುಸುಳುವಂತಿರಲಿಲ್ಲ. ನೆರೆಯವರೆಲ್ಲ ನೋಡಿ ಹೊಗಳಿದರು. ನಾನೂ ಹೊಗಳಿದೆ.

ಆ ದಿನ ಸಂಜೆ ಕಿಯೊತಕ ರಸ್ತೆಯ ಹಿಮ ಬಾಚುವ ಗಾಡಿ ಓಡಿಸಲು ಹೋಗಿದ್ದ. ಅತ್ತೆ ಚಹಾ ಕೊಟ್ಟು, "ಇವತ್ತು ನೀನು ಮುಂಚೆ ಹೋಗು. ನಾನು ಕೊನೇಲಿ ಹೋಗ್ತೀನಿ" ಎಂದರು.

"ಯಾಕೆ ಅತ್ತೆ?"

"ಯಾಕೆ ಅಂದ್ರೆ? ನನ್ನ ಮನೆ ಬಚ್ಚಲು. ನಿನ್ನ ಅಪ್ಪಣೆ ಬೇಕಾ?"

ಚಹಾವನ್ನು ಅವರ ಕಣ್ಣು ತಪ್ಪಿಸಿ ಸಿಂಕಿಗೆ ಸುರಿದೆ. ಆಗಷ್ಟೇ ತುಂಬಿದ ನೀರು ಬಿಸಿಯಾಗಿಯೇ ಇತ್ತು, ಗುಂಡಿ ಒತ್ತದೆಯೇ ಸ್ನಾನ ಮಾಡಿ ಬಂದೆ. ತಲೆನೋವಿಲ್ಲ, ವಾಕರಿಕೆಯಿಲ್ಲ. ನನಗೆ ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ. ಈ ಮುದುಕಿ ನನ್ನನ್ನು ಕೊಲ್ಲುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಗಂಡ ಬರಲಿ, ಇವತ್ತು ಇತ್ಯರ್ಥವಾಗಿಯೇ ಬಿಡಲಿ ಎಂದುಕೊಂಡೆ.

ಅತ್ತೆ ಬಚ್ಚಲಿಗೆ ಹೋದರು. ಕಪಾಟಿನ ಬಾಗಿಲು ತೆಗೆದು ಮುಚ್ಚುವ ಸದ್ದು, ಡಬ್ಬಿಗಳನ್ನು ತಡಕುವ ಸದ್ದು. ಆಮೇಲೆ ನೀರಿನ ಸದ್ದು, ಹೀಟರಿನ ಗುರುಗುಟ್ಟುವಿಕೆ. ಬಹಳ ಹೊತ್ತಾದ ಮೇಲೆ ಬಕೆಟ್ಟು ಉರುಳಿತು.

"ಅತ್ತೆ?" ಬಾಗಿಲ ಹೊರಗೆ ನಿಂತು ಕೂಗಿದೆ. ಉತ್ತರವಿಲ್ಲ. ನಾಟಕ, ಎಂದುಕೊಂಡೆ. ನಾನು ಗಾಬರಿಯಿಂದ ನುಗ್ಗಿದರೆ ನಾಳೆ ಬೀದಿಗೆಲ್ಲ ಹೇಳಿಕೊಂಡು ನಗುತ್ತಾರೆ. ಅಡುಗೆಮನೆಗೆ ಹಿಂದಿರುಗಿ, ತೊಳೆದಿಟ್ಟ ಬಟ್ಟಲುಗಳನ್ನು ಒಂದೊಂದಾಗಿ ಒರೆಸಿಟ್ಟೆ. ಬಚ್ಚಲಿನಿಂದ ಮತ್ತೆ ಒಂದು ಸದ್ದೂ ಬರಲಿಲ್ಲ. ಆಗ ಹೆದರಿಕೆಯಾಗಿ ಓಡಿದೆ.

ನೀರು ಆರದಿರಲೆಂದು ತೊಟ್ಟಿಯ ಮೇಲೆ ಅರ್ಧ ಎಳೆದಿದ್ದ ಮುಚ್ಚಳಕ್ಕೆ ಗದ್ದ ಸಿಕ್ಕಿಕೊಂಡು ಅವರ ತಲೆ ನೀರಿನ ಮೇಲೆ ನಿಂತಿತ್ತು. ಕೆನ್ನೆ ಕೆಂಪಗಾಗಿತ್ತು, ನನ್ನ ಕೆನ್ನೆಯ ಹಾಗೇ. ಗಾಳಿ ಬರಲಿ ಎಂದು ಕಿಟಕಿ ತೆಗೆದೆ. ಹೊರಗಿನ ಕೊರೆಯುವ ಗಾಳಿ ಒಳಗೆ ನುಗ್ಗಬೇಕಿತ್ತು. ಬದಲಿಗೆ ಕಣ್ಣು ಉರಿಸುವ ಬಿಸಿ ಹೊಗೆ ಮುಖಕ್ಕೆ ಬಡಿಯಿತು. ಕಿಯೊತಕ ಹಿಮವನ್ನು ಹೊರಗಿಟ್ಟಿದ್ದ, ಹೊಗೆಯನ್ನು ನಮ್ಮ ಜೊತೆ ಒಳಗೆ ಕೂಡಿಹಾಕಿದ್ದ. ಹೀಟರ್ ಉರಿದಾಗಲೆಲ್ಲ ಅದು ಕಿಟಕಿಯ ಸಂದಿಯಿಂದ ಬಚ್ಚಲಿಗೆ ನುಸುಳುತ್ತಿತ್ತು. ಚಳಿಗಾಲದಲ್ಲಿ ಮನೆಯೆಲ್ಲ ಸೀಮೆಎಣ್ಣೆ ವಾಸನೆಯೇ ಆದ್ದರಿಂದ ಯಾರ ಮೂಗಿಗೂ ಅದು ಬೇರೆಯೆಂದು ಅನ್ನಿಸಿರಲಿಲ್ಲ.

ಕಿಟಕಿ ಮುಚ್ಚಿದೆ. ಕಂಕುಳಿಗೆ ಕೈಹಾಕಿ ಅವರನ್ನು ಎಳೆದುಕೊಂಡು ಬಂದು, ತೆರೆದ ಮುಂಬಾಗಿಲ ಬಳಿ ಮಲಗಿಸಿ ರಜಾಯಿ ಹೊದಿಸಿದೆ. ಉಸಿರಿತ್ತು. ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಅಡುಗೆಮನೆಯ ಗೋಡೆಯಲ್ಲಿದ್ದ ಹೀಟರಿನ ಸ್ವಿಚ್ಚು ಆರಿಸಿದೆ. ಹೊರಗೆ ಓಡಿ ಟ್ಯಾಂಕಿನ ಎಣ್ಣೆ ವಾಲ್ವ್ ತಿರುಗಿಸಿದೆ. ಪ್ಲಗ್ಗಿಗೆ ಕೈ ಹೋಯಿತು, ತಡೆದುಕೊಂಡೆ. ಒಳಗಿನ ಫ್ಯಾನು ಇನ್ನಷ್ಟು ಹೊತ್ತು ತಿರುಗಿ ಹೀಟರನ್ನು ತಣ್ಣಗೆ ಮಾಡಬೇಕು ಎಂದು ಕಿಯೊತಕ ಹೇಳಿಕೊಟ್ಟಿದ್ದ. ಫೋನಿನಲ್ಲಿ ವಿಷಯ ತಿಳಿದು ಓಡಿಬಂದ ಕಿಯೊತಕ ಬರಿಗೈಯಲ್ಲೇ ಹಲಗೆಗಳನ್ನು ಕಿತ್ತೆಸೆದ. ಪೈಪು ಹೆಪ್ಪುಗಟ್ಟಿ ಒಡೆಯದಿರಲೆಂದು ನೀರನ್ನೆಲ್ಲ ಬಸಿದ. ಅಷ್ಟು ಹೊತ್ತೂ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಮರುದಿನ ಅತ್ತೆ ಮುಖದ ಮೇಲಿನ ಮಾಸ್ಕನ್ನು ತಾವೇ ಸರಿಸಿದರು.

"ಬಚ್ಚಲಲ್ಲಿ ಬಾಟ್ಲಿ ಎಲ್ಲೂ ಸಿಗ್ಲಿಲ್ಲ ಕಣೆ. ನೀನು ಕದ್ದು ಕುಡೀತಿದ್ದೀಯ ಅಂದ್ಕೊಂಡಿದ್ದೆ."

"ಮತ್ತೆ ಆ ಚಹಾ?"

"ಕುಡಿಯೋರ ಹೊಟ್ಟೆಗೆ ಒಳ್ಳೇದು ಅದು. ನಿಮ್ಮ ಮಾವನಿಗೂ ಅದನ್ನೇ ಕೊಡ್ತಿದ್ದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು.

"ಬಕೆಟ್ ಬಿದ್ದದ್ದು ನಿಂಗೆ ಕೇಳಿಸ್ತಾ?"

"ಕೇಳಿಸ್ತು."

"ಆಮೇಲೆ ಎಷ್ಟು ಹೊತ್ತಿಗೆ ಬಂದೆ?"

ಸುಳ್ಳು ಹೇಳಬಹುದಿತ್ತು. ಅವರು ಸಾಯಲಿ ಎಂದು ನಾನು ಬಯಸಿರಲಿಲ್ಲ. ಬದುಕಲಿ ಎಂದು ತಕ್ಷಣ ಓಡಲೂ ಇಲ್ಲ.

"ಬಟ್ಟಲೆಲ್ಲ ಒರೆಸಿಟ್ಟು ಬಂದೆ ಅತ್ತೆ."

ಅವರು ಮಾಸ್ಕನ್ನು ಇನ್ನಷ್ಟು ಕೆಳಗೆ ಸರಿಸಿದರು.

"ನಾನಾಗಿದ್ರೆ," ಎಂದರು, "ಅವನ್ನ ಇನ್ನೊಂದ್ಸಲ ತೊಳ್ದಿಟ್ಟು ಬರ್ತಿದ್ದೆ."