ಟವೆಲ್ಲಿನ ಕೆಳಗೆ ಆರು ಅಂಕಿ

ಬಸ್ಸಿನ ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಎಂಜಿನ್ ಚಾಲೂ ಇಟ್ಟು ಡ್ರೈವರ್ ಚಹಾಕ್ಕೆ ಇಳಿದಿದ್ದಾನೆ, ಕುಡಿಯಲಿ, ರೋಣ ಬಿಟ್ಟು ಅಸೂಟಿಗೆ ಬೇಗ ಹೋಗಿ ನಾನೇನು ಹಬ್ಬ ಮಾಡಬೇಕಾಗಿಲ್ಲ, ರಹಿಮತಬಿ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ, ಏನಾತ್ರಿ, ಮಗಗ ಮಾಸ್ತರಕಿ ಸಿಕ್ತೇನು — ಏನು ಹೇಳಲಿ, ನಿನ್ನ ಗಂಡನ ಬೆರಳು ಕೆಡಿಸಿದವು ಅನ್ನಲೇ? ನನ್ನ ಬೆರಳು! ಮೂವತ್ತೆಂಟು ವರ್ಷ ಎತ್ತಿನ ಸಂತೆಯಲ್ಲಿ ದಲಾಲಿ ಮಾಡಿದ ಬೆರಳು, ಸುತ್ತ ಐವತ್ತು ಮಂದಿ ನಿಂತಿದ್ದರೂ ಟವೆಲ್ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ಹೇಳಿದ ಬೆಲೆ ಒಬ್ಬನಿಗೂ ತಿಳಿಯುತ್ತಿರಲಿಲ್ಲ, ಮದರಸಾಬನ ಕೈ ಅಂದರೆ ಕೈ ಅಂತ ಗಜೇಂದ್ರಗಡದವರೂ ನರಗುಂದದವರೂ ಒಪ್ಪಿದ ಕೈ, ಅದಕ್ಕೆ ಆ ಕಂಪ್ಯೂಟರ್ ಕ್ಲಾಸಿನ ಶಿವನಪ್ಪ, ಮೊನ್ನೆ ಮೊನ್ನೆ ಮೀಸೆ ಬಂದವನು, ಎಲ್ಲರ ಮುಂದೆ ಅನ್ನುತ್ತಾನೆ, ಸಾಹೇಬ್ರ, ವಯಸ್ಸಾತ್ರಿ, ಬೆರಳ ತಪ್ಪಾಕತ್ತಾವ. ಆಟ ಆಡಿಸಿ ಮಾಸ್ತರನನ್ನು ಆರಿಸುವುದು ಯಾವ ಊರಿನ ಪದ್ಧತಿ, ಗಜೇಂದ್ರಗಡದಲ್ಲಿ ಹೊಸ ಶಾಖೆ ತೆಗೆಯುತ್ತಾನಂತೆ, ಕಲಿಸಲು ಒಬ್ಬ ಬೇಕಂತೆ, ಕೇಳಿ ಬಂದ ಇಬ್ಬರೂ ಸಮಸಮ ಇದ್ದಾರಂತೆ, ಅದಕ್ಕೆ ಈ ಯುದ್ಧದ ಹೆಲಿಕಾಪ್ಟರು — ಪರದೆಯ ಮೇಲೆ ಅದನ್ನು ಗಾಳಿಯಲ್ಲಿ ನಿಲ್ಲಿಸಬೇಕು, ಪಕ್ಕದ ಜೊತೆಗಾರ ನಕಾಶೆ ನೋಡಿ ಗುರಿ ಇರುವ ಜಾಗದ ಆರು ಅಂಕಿ ಹೇಳಬೇಕು, ಅವನ್ನು ಒಂದೊಂದಾಗಿ ಒತ್ತಿದರೆ ರಾಕೆಟ್ ಅಲ್ಲಿಗೇ ಹೋಗುತ್ತದೆ, ಎದುರಿನವರ ಮೂರು ಲಾರಿ ಮೊದಲು ಯಾರು ಹೊಡೆಯುತ್ತಾರೋ ಅವರಿಗೆ ಮಾಸ್ತರಕಿ. ನನ್ನ ಮಗ ಸಲಾವುದ್ದೀನನ ಜೊತೆಗಾರ ನೀಲಪ್ಪ ಚಿಕೂನ್‌ಗುನ್ಯಾ ಬಂದು ಮಲಗಿದ, ಮಗ ನನ್ನನ್ನೇ ಕರೆದ, ಅಬ್ಬಾ ನೀನ ಬಾ, ನಿನಗ ಅಂಕಿ ಓದಾಕ ಬರ್ತಾವಲ್ಲ ಅಂದ, ಹೋದೆ, ಮಗನ ಹೊಟ್ಟೆಪಾಡಿನ ಮಾತು, ಹೋಗದೆ ಇರುತ್ತೇನೆಯೇ?

ಎದುರಿನ ಜೋಡಿ ಅದೇ ಕೋಣೆಯಲ್ಲಿ ಕಿವಿ ಚೂಪು ಮಾಡಿಕೊಂಡು ಕೂತಿತ್ತು, ಬಾಯಿಬಿಟ್ಟು ಹೇಳಿದರೆ ಅವರ ಲಾರಿ ಜಾಗ ಬಿಟ್ಟು ಓಡುತ್ತದೆ, ಉಪಾಯ ಹೇಳಿದ್ದು ನಾನೇ, ಒಪ್ಪುತ್ತೇನೆ, ಎಡಗೈ ಕೊಡೋ ಇಲ್ಲಿ, ಟವೆಲ್ ಹಾಕತೀನಿ, ಸಣ್ಣಾಂವ ಇದ್ದಾಗ ಕಲಿಸಿಲ್ಲೇನು ನಿನಗ — ಆಗ ಅವನ ಐದು ಬೆರಳೂ ನನ್ನ ಎರಡು ಬೆರಳಷ್ಟಿದ್ದವು, ಹಿಡಿದರೆ ಕಿಲಕಿಲ ನಗುತ್ತಿದ್ದ. ಎರಡು ಲಾರಿ ಹೊಡೆದೆವು, ಆಗ ಯಾರೂ ಸಾಹೇಬರಿಗೆ ವಯಸ್ಸಾಯಿತು ಅನ್ನಲಿಲ್ಲ, ಭಲೇ ಅಂದರು. ಮೂರನೆಯದಕ್ಕೆ ಮೂರು, ಎರಡು, ಸೊನ್ನೆ, ನಾಲ್ಕು, ಒಂದು, ಎರಡು. ಮೂರು ಬೆರಳು ಹಿಡಿದೆ, ಎರಡು ಹಿಡಿದೆ, ಸೊನ್ನೆಗೆ ಏನು ಹಿಡಿಯಲಿ? ಸಂತೆಯಲ್ಲಿ ಸೊನ್ನೆಗೆ ಬೆರಳೇ ಇಲ್ಲ, ನೂರೋ ಸಾವಿರವೋ ಎತ್ತು ನೋಡಿದರೆ ತಿಳಿಯುತ್ತದೆ, ಸೊನ್ನೆಯನ್ನು ಯಾರು ಕೊಡುತ್ತಾರೆ ಯಾರು ಕೊಳ್ಳುತ್ತಾರೆ, ಏನೂ ಹಿಡಿಯದೆ ಒಂದು ಉಸಿರು ನಿಂತೆ — ಅವನ ಅಂಗೈ ಬಿಚ್ಚಿತ್ತು, ಬೆವರಿತ್ತು — ನಿಂತದ್ದೇ ಸೊನ್ನೆ, ಅಷ್ಟು ತಿಳಿಯಬಾರದೇ, ಆಮೇಲೆ ನಾಲ್ಕು, ಒಂದು, ಎರಡು, ಕೊನೆಗೆ ವ್ಯವಹಾರ ಮುಗಿಯಿತು ಅಂತ ರೂಢಿಯಂತೆ ಪೂರ್ತಿ ಕೈ ಅದುಮಿದೆ, ಅವನು ಸೊನ್ನೆ ಬಿಟ್ಟು ಆ ಅದುಮಿದ್ದಕ್ಕೆ ಐದು ಒತ್ತಿದ! ಪೂರ್ತಿ ಕೈ ಅಂದರೆ ಐದು, ಹೌದು, ಆದರೆ ಕೊನೆಗೆ ಅದುಮಿದ್ದು ಐದು ಹೇಗಾಗುತ್ತದೆ, ಯಂತ್ರಕ್ಕೇನು, ಆರು ಅಂಕಿ ತುಂಬಿದರೆ ಸಾಕು, ಯಾರ ತಲೆಯ ಮೇಲೆ ಅಂತ ಕೇಳುವುದಿಲ್ಲ, ರಾಕೆಟ್ ಹೋಗಿ ನಮ್ಮದೇ ಡೇರೆಗಳ ಮೇಲೆ ಬಿತ್ತು, ಪರದೆಯೆಲ್ಲ ಬೆಂಕಿ, ಕೋಣೆಯೆಲ್ಲ ನಗೆ, ಸೋತಿರಿ ಅಂದ ಶಿವನಪ್ಪ, ಎದುರಿನವನ ಬೆನ್ನು ತಟ್ಟಿದ.

ನಗಲಿ, ಬೆರಳಿನ ಮರ್ಯಾದೆ ಗೊತ್ತಿಲ್ಲದವರು, ಆದರೆ ಇವನು, ನನ್ನ ಮಗ, ಇವನಿಗೆ ಕಣ್ಣಿರಲಿಲ್ಲವೇ? ಶಿವನಪ್ಪನೂ ಅದನ್ನೇ ಕೇಳಿದ, ನಿಮ್ಮ ಡೇರೇನ ಅಂತ ಪರದೆ ಮ್ಯಾಲ ಕಾಣ್ತಿತ್ತಲ್ಲೋ, ಯಾಕ ಬಿಟ್ಟಿ? ಇವನು ತಲೆ ಎತ್ತಲಿಲ್ಲ. ಕಂಡಿತ್ರಿ ಅಂದ. ಅಬ್ಬಾನ ಕೈ ತಪ್ಪಂಗಿಲ್ಲಂತ ಬಿಟ್ಟೆ. ಹಾಗಂದ, ಆಗ ನಾನು, ಸೊನ್ನೆ ಕೊಡಲಿಲ್ಲ ಅಂತ ಒಂದು ಮಾತು ಹೇಳಿದ್ದರೆ, ತಪ್ಪ ನಂದ್ರಿ, ಇನ್ನೊಮ್ಮೆ ಆಡಸ್ರಿ ಅಂದಿದ್ದರೆ — ಏನಂದೆ, ಹುಚ್ಚಪ್ಯಾಲಿ, ಬೆರಳ ಎಣಿಸಾಕ ಬರಂಗಿಲ್ಲ ನಿನಗ, ನಾಕ ಮಂದ್ಯಾಗ ನನ್ನ ಮಾನ ಕಳದಿ ಅಂದೆ, ಮೂವತ್ತೆಂಟು ವರ್ಷದ ಕೈ ಅಂದೆ, ಎದ್ದೆ, ಟವೆಲ್ ಎಳೆದುಕೊಂಡೆ — ಡ್ರೈವರ್ ಬಂದು ಕೂತ, ಗೇರ್ ಹಾಕಿದ, ಸಲಾವುದ್ದೀನ ಇನ್ನೂ ಬಂದಿಲ್ಲ, ನಿಲ್ಲಿಸು ಅನ್ನಬೇಕು — ಟವೆಲ್ ಎಳೆದೆ, ಅವನು ಕೈ ತೆಗೆದಿರಲಿಲ್ಲ, ಅಲ್ಲೇ ಇತ್ತು, ಎಲ್ಲರಿಗೂ ಕಾಣುವ ಹಾಗೆ, ಮೇಲ್ಮುಖವಾಗಿ, ಅಂಗೈ, ಬಿಚ್ಚಿದ್ದು, ಬೆವರಿದ್ದು, ನಾನು ಇನ್ನೇನೋ ಹಿಡಿಯುತ್ತೇನೆ ಅಂತ, ಅಂಗೈ